ಅಪ್ಪನ ಕಾರು, ಅಮ್ಮನ ಲೈಸೆನ್ಸು

ನಮ್ಮ ಮನೆಗೆ ಕಾರು ಬಂದಾಗ ಅದನ್ನು ಓಡಿಸಲು ಬರುವವರು ಮನೆಯಲ್ಲಿ ಯಾರೂ ಇರಲಿಲ್ಲ. ಮುಂಬಯಿ ಬಳಿಯ ಡೊಂಬಿವಲಿಯಲ್ಲಿ, ಎಂಐಡಿಸಿ ಎಂಬ ಕೈಗಾರಿಕಾ ಪ್ರದೇಶದ ವಸತಿ ಭಾಗದಲ್ಲಿ ಮೂರು ಮಾಳಿಗೆಯ ಒಂದು ಕಟ್ಟಡ, ಅದರ ಗ್ರೌಂಡ್ ಫ್ಲೋರಿನಲ್ಲಿ ಒಂದು ಕೋಣೆ ಮತ್ತು ಅಡುಗೆಮನೆ, ಅದರಲ್ಲಿ ನಾವು ನಾಲ್ಕು ಜನ: ಅಪ್ಪ, ಅಮ್ಮ, ಅಪ್ಪನ ತಾಯಿಯಾದ ಅಜ್ಜಿ ಮತ್ತು ನಾನು. ಅಪ್ಪ ಅಲ್ಲಿಂದ ಹತ್ತು ನಿಮಿಷ ನಡೆದರೆ ಸಿಗುವ ಬಣ್ಣದ ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸಕ್ಕಿದ್ದ. ಗಾಳಿ ನಮ್ಮ ಕಡೆ ತಿರುಗಿದ ದಿನ ಒಣಹಾಕಿದ ಬಟ್ಟೆಗೂ ಕಾರ್ಖಾನೆಯ ವಾಸನೆ ಅಂಟುತ್ತಿತ್ತು, ನನಗೆ ಉಬ್ಬಸ ಏಳುತ್ತಿತ್ತು. ಉಡುಪಿ ಕಡೆಯಿಂದ ಬಂದು ಠಾಣೆಯಲ್ಲಿ ಹೋಟೆಲ್ ನಡೆಸುತ್ತಿದ್ದ ಶೀನಣ್ಣ ಎಂಬವರು ಅಪ್ಪನ ಸ್ನೇಹಿತರು. ಅವರು ಹೊಸ ಕಾರು ತೆಗೆದುಕೊಂಡು ಹಳೆಯದನ್ನು ಅಪ್ಪನಿಗೆ ಕೊಟ್ಟರು. ಒಂದು ಭಾನುವಾರ ಅವರೇ ಓಡಿಸಿಕೊಂಡು ಬಂದರು. ಅಜ್ಜಿ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಬಾನೆಟ್ಟಿಗೆ ಕುಂಕುಮ ಹಚ್ಚಿ, ಸಿಟ್ಟು ಬಂದ ದನವನ್ನು ಸಮಾಧಾನ ಮಾಡುವವಳ ಹಾಗೆ ಅದರ ಮೈ ಸವರಿದಳು. ಶೀನಣ್ಣ ಅದನ್ನು ಕಟ್ಟಡದ ಪಕ್ಕದ ಪೇರಳೆ ಮರದ ಕೆಳಗೆ ನಿಲ್ಲಿಸಿ, ಬೀಗದ ಕೈ ಅಪ್ಪನ ಕೈಗೆ ಕೊಟ್ಟು, ರಿಕ್ಷಾ ಹಿಡಿದು ಸ್ಟೇಷನ್ನಿಗೆ ಹೋದರು.

ಕಾರು ಅಲ್ಲಿಯೇ ನಾಲ್ಕು ತಿಂಗಳು ನಿಂತಿತ್ತು. ಆದರೆ ನಾವು ಅದನ್ನು ಬಳಸಲಿಲ್ಲ ಎಂದು ಹೇಳುವಂತಿಲ್ಲ. ನಾನು ಅದರ ಹಿಂದಿನ ಸೀಟಿನಲ್ಲಿ ಕೂತು ಶಾಲೆಯ ಲೆಕ್ಕ ಮಾಡುತ್ತಿದ್ದೆ. ಅಜ್ಜಿ ಮಧ್ಯಾಹ್ನ ಬಾಗಿಲು ತೆರೆದಿಟ್ಟು ಅದರೊಳಗೆ ಕಾಲು ಚಾಚಿ ಬತ್ತಿ ಹೊಸೆಯುತ್ತಿದ್ದಳು. ಭಾನುವಾರ ಸಂಜೆ ಅಮ್ಮ ಚುರುಮುರಿ ಕಲಸಿ ಸ್ಟೀಲ್ ಡಬ್ಬಿಯಲ್ಲಿ ತಂದರೆ ನಾಲ್ವರೂ ಕಾರಿನಲ್ಲಿ ಕೂತು ಎದುರಿನ ಗೋಡೆಯನ್ನು ನೋಡುತ್ತ ತಿನ್ನುತ್ತಿದ್ದೆವು. ಅಪ್ಪ ಸ್ಟಿಯರಿಂಗ್ ಮೇಲೆ ಕೈಯಿಟ್ಟು, ಈಗ ಹೊರಟೇಬಿಟ್ಟ ಎನ್ನುವ ಮುಖ ಮಾಡಿಕೊಂಡಿರುತ್ತಿದ್ದ. ಎಲ್ಲಕ್ಕಿಂತ ಹೆಚ್ಚಾಗಿ, ಅದು ಅಪ್ಪ ಅಮ್ಮನ ಜಗಳದ ಕೋಣೆಯಾಯಿತು. ಒಂದೇ ಕೋಣೆಯ ಮನೆಯಲ್ಲಿ ಗಂಡ ಹೆಂಡತಿಗೆ ಜಗಳವಾಡಲು ಜಾಗವಿರುವುದಿಲ್ಲ. ಅಜ್ಜಿಯ ಕಿವಿ ಚುರುಕು, ನನ್ನದು ಇನ್ನೂ ಚುರುಕು. ಕಾರು ಬಂದ ಮೇಲೆ ಅವರಿಬ್ಬರೂ ಏನಾದರೂ ಮಾತಾಡಬೇಕಾದರೆ ಹೋಗಿ ಅದರಲ್ಲಿ ಕೂತು ಗಾಜು ಏರಿಸಿಕೊಳ್ಳುತ್ತಿದ್ದರು. ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಬಾಯಿ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ನಂತರ ಇಬ್ಬರೂ ಇಳಿದು, ಪೇಟೆಗೆ ಹೋಗಿ ಬಂದವರ ಹಾಗೆ ಒಳಗೆ ಬರುತ್ತಿದ್ದರು.

ಅಪ್ಪ ಡ್ರೈವಿಂಗ್ ಕ್ಲಾಸಿಗೆ ಸೇರಿದ. ಕಲಿಸುವವರು ಸಾವಂತ ಸರ್ ಎಂಬ ಮಧ್ಯವಯಸ್ಸಿನ ಮರಾಠಿ ಮನುಷ್ಯ, ಮೆತ್ತಗೆ ಮಾತಾಡುವವರು. ಅಪ್ಪ ಬೆಳಿಗ್ಗೆ ಆರು ಗಂಟೆಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ, ಏಳಕ್ಕೆ ಅದೇ ಅಂಗಿ ಬೆವರಿನಲ್ಲಿ ಒದ್ದೆಯಾಗಿ ಮರಳುತ್ತಿದ್ದ. ಹೇಗಾಯಿತು ಎಂದು ಕೇಳಿದರೆ ಕಾಫಿ ಕೊಡು ಎನ್ನುತ್ತಿದ್ದ. ಕಲ್ಯಾಣದ ಆರ್‌ಟಿಒದಲ್ಲಿ ಟೆಸ್ಟಿಗೆ ಹೋದ, ಫೇಲಾದ. ಮತ್ತೊಮ್ಮೆ ಹೋದ, ಮತ್ತೆ ಫೇಲಾದ. ಮೊದಲ ಸಲ ಬಿಸಿಲು ಜೋರಿತ್ತು ಎಂದ, ಎರಡನೆಯ ಸಲ ಕೈಕಾಲು ತೊಳೆದು ನೇರ ಊಟಕ್ಕೆ ಕೂತ. ಅಜ್ಜಿ ಮಾತ್ರ ಆ ದಿನ ಅವನಿಗೆ ಅನ್ನ ಬಡಿಸುತ್ತ, ಸಾಕು ಮಗಾ, ಬಿಟ್ಟುಬಿಡು, ಎಂದಳು. ಅವಳ ದನಿಯಲ್ಲಿ ಕನಿಕರಕ್ಕಿಂತ ಹೆಚ್ಚಿನದೇನೋ ಇತ್ತು. ಹತ್ತು ವರ್ಷದ ನನಗೂ ಅದು ತಟ್ಟಿತು, ಅರ್ಥವಾಗಲಿಲ್ಲ.

ಅಪ್ಪ ಬಿಡಲಿಲ್ಲ. ಮುಂದಿನ ಭಾನುವಾರ, ಎಲ್ ಬೋರ್ಡ್ ಕಟ್ಟಿ, ಎಲ್ಲರೂ ಹತ್ತಿ, ಸಣ್ಣ ಒಂದು ಸುತ್ತು ಹಾಕುವ ಎಂದ. ಅಮ್ಮ ಅವನ ಪಕ್ಕದಲ್ಲಿ, ನಾನು ಮತ್ತು ಅಜ್ಜಿ ಹಿಂದೆ. ಗೇಟು ದಾಟಿದೆವು, ನೇರ ರಸ್ತೆಯಲ್ಲಿ ನಿಧಾನವಾಗಿ ಹೋದೆವು. ಅಪ್ಪ ಎರಡನೆಯ ಗೇರಿಗೆ ಹಾಕಿದಾಗ ಅಮ್ಮ ನನ್ನ ಕಡೆ ತಿರುಗಿ ನಕ್ಕದ್ದು ನೆನಪಿದೆ. ತಿರುವಿನಲ್ಲಿ ಎಡಬದಿಗೆ ಎಲ್ಲರೂ ಮಾವಶಿ ಎಂದು ಕರೆಯುವ ತರಕಾರಿ ಹೆಂಗಸೊಬ್ಬಳ ತಳ್ಳುಗಾಡಿ ನಿಂತಿತ್ತು. ಅದು ದೂರದಿಂದಲೇ ಕಾಣುತ್ತಿತ್ತು. ನನಗೆ ಕಂಡಿತು, ಅಮ್ಮನಿಗೆ ಕಂಡಿತು. ಅಪ್ಪ ನೇರ ಹೋಗಿ ಅದಕ್ಕೆ ತಾಗಿಸಿದ. ಗಾಡಿ ವಾಲಿ, ಟೊಮೆಟೊ, ಪಾಲಕಿನ ಕಟ್ಟು, ತೂಕದ ಬಟ್ಟು ಎಲ್ಲ ರಸ್ತೆಗೆ ಬಿದ್ದವು. ಯಾರಿಗೂ ಪೆಟ್ಟಾಗಲಿಲ್ಲ. ಮಾವಶಿ ಸೊಂಟಕ್ಕೆ ಕೈಕೊಟ್ಟು ಅಪ್ಪನ ಕಿಟಕಿಯ ಹತ್ತಿರ ಬಂದಳು.

"ಕಾಯ್ ಹೋ, ದಿಸತ್ ನಾಹೀ ಕಾ?"

ಕಾಣಿಸುವುದಿಲ್ಲವಾ ಎಂದು ಅವಳು ಕೇಳಿದ್ದು. ರಸ್ತೆಯಲ್ಲಿ ಯಾರು ಯಾರಿಗೆ ಬೇಕಾದರೂ ಬೈಯುವ ಮಾತು ಅದು. ಆದರೆ ಅಪ್ಪನ ಮುಖದ ರಕ್ತವೆಲ್ಲ ಇಳಿದುಹೋಯಿತು. ಅಮ್ಮ ಸೆರಗು ಸಿಕ್ಕಿಸಿಕೊಂಡು ಇಳಿದು ಟೊಮೆಟೊ ಹೆಕ್ಕಿದಳು, ಮಾವಶಿಗೆ ಸಮಾಧಾನ ಹೇಳಿದಳು. ಅಪ್ಪ ಕಾರಿನಿಂದ ಇಳಿಯಲೇ ಇಲ್ಲ. ಕೊನೆಗೆ ಬಿಲ್ಡಿಂಗಿನ ಒಬ್ಬರು ಬಂದು ಕಾರನ್ನು ಪೇರಳೆ ಮರದ ಕೆಳಗೆ ತಂದು ನಿಲ್ಲಿಸಿದರು.

ಆ ಸಂಜೆ ನಾನು ಹಿಂದಿನ ಸೀಟಿನಲ್ಲಿ ಮಲಗಿ ನಿದ್ದೆಹೋಗಿದ್ದೆ. ಎಚ್ಚರವಾದಾಗ ಮುಂದೆ ಅಪ್ಪ ಅಮ್ಮ ಕೂತಿದ್ದರು, ಗಾಜು ಏರಿಸಿತ್ತು. ನಾನು ಇದ್ದೇನೆಂದು ಅವರು ನೋಡಿರಲಿಲ್ಲ. ಏಳಬೇಕೆಂದುಕೊಂಡೆ, ಆಗಲಿಲ್ಲ.

"ಆ ಗಾಡಿ ನನಗೆ ಕಾಣ್ಲಿಲ್ಲ," ಎಂದ ಅಪ್ಪ.

"ಅಷ್ಟು ದೊಡ್ಡದು. ನಿಮ್ಮ ಎಡಕ್ಕೇ ಇತ್ತಲ್ಲ."

"ಎಡಗಡೆ ನನಗೆ ಕಾಣುದೇ ಇಲ್ಲ, ಸುಮತಿ. ಆ ಕಣ್ಣು ಸಣ್ಣದಿರುವಾಗಲೇ ಹೋಗಿದೆ. ಚಿನ್ನಿದಾಂಡು ಆಡುವಾಗ ಚಿನ್ನಿ ಬಡಿದದ್ದು. ಬೆಳಕು ಕತ್ತಲೆ ಗೊತ್ತಾಗ್ತದೆ, ಅಷ್ಟೇ."

ಅಮ್ಮ ಕೇಳಿದ್ದು ಒಂದೇ.

"ಅತ್ತೆಗೆ ಗೊತ್ತುಂಟಾ?"

"ಗೊತ್ತುಂಟು."

ಅಮ್ಮ ಬಾಗಿಲು ತೆರೆದು ಇಳಿದು ಹೋದಳು. ಅಪ್ಪ ಕೂತೇ ಇದ್ದ. ನಾನು ಉಸಿರು ಬಿಗಿಹಿಡಿದು ಅವನ ತಲೆಯ ಹಿಂಭಾಗವನ್ನು ನೋಡುತ್ತಿದ್ದೆ. ಅಷ್ಟು ವರ್ಷ ನಾನು ನೋಡಿದ್ದ, ಯೋಚಿಸದೇ ಬಿಟ್ಟಿದ್ದ ಎಷ್ಟೋ ಸಂಗತಿಗಳು ಒಂದೊಂದಾಗಿ ಅರ್ಥವಾಗತೊಡಗಿದವು. ರಸ್ತೆಯಲ್ಲಿ ನಡೆಯುವಾಗ ಅಪ್ಪ ಯಾವಾಗಲೂ ನನ್ನನ್ನು ಬಲಗೈ ಕಡೆಗೆ ಎಳೆದುಕೊಳ್ಳುತ್ತಿದ್ದ. ಊಟಕ್ಕೆ ಕೂರುವಾಗ ಅವನ ಎಡಕ್ಕೆ ಗೋಡೆಯೇ ಇರಬೇಕು. ಎಡಗಡೆಯಿಂದ ನಾನು ಹೋಗಿ ಅಪ್ಪಾ ಎಂದರೆ ಬೆಚ್ಚಿಬೀಳುತ್ತಿದ್ದ. ಲೋಕಲ್ ಟ್ರೇನಿಗೆ ಹತ್ತುವಾಗ ಅವನ ಕೈ ಮೊದಲು ಗಾಳಿಯಲ್ಲಿ ಕಂಬವನ್ನು ಹುಡುಕುತ್ತಿತ್ತು. ಇವೆಲ್ಲ ಅಪ್ಪನ ಸ್ವಭಾವ ಎಂದುಕೊಂಡಿದ್ದೆ.

ಆ ನಂತರದ ದಿನಗಳಷ್ಟು ನಿಶ್ಶಬ್ದವಾದ ದಿನಗಳನ್ನು ನಮ್ಮ ಮನೆ ಕಂಡಿರಲಿಲ್ಲ. ಅಮ್ಮ ಅಡುಗೆಯನ್ನು ಎಂದಿನಂತೆ ಮಾಡಿದಳು. ತಂಬುಳಿ, ಪಲ್ಯ, ಹಪ್ಪಳ, ಯಾವುದರಲ್ಲೂ ಕಡಿಮೆ ಮಾಡಲಿಲ್ಲ. ಅಪ್ಪನ ಡಬ್ಬಿ ಹೊತ್ತಿಗೆ ಸರಿಯಾಗಿ ಮೇಜಿನ ಮೇಲಿರುತ್ತಿತ್ತು. ಆದರೆ ಮಾತು ಮಾತ್ರ ನನ್ನ ಮೂಲಕ. ವಾಣೀ, ನಿನ್ನ ಅಪ್ಪನಿಗೆ ಇನ್ನೂ ಸಾರು ಬೇಕಾ ಕೇಳು, ಎನ್ನುತ್ತಿದ್ದಳು, ಅಪ್ಪ ಎರಡು ಅಡಿ ದೂರದಲ್ಲಿ ಕೂತಿರುವಾಗ. ಅಜ್ಜಿಯ ಹತ್ತಿರ ಅದೂ ಇಲ್ಲ. ಒಂದು ಮಧ್ಯಾಹ್ನ ಅಮ್ಮ ತೆಂಗಿನಕಾಯಿ ತುರಿಯುತ್ತಿದ್ದಾಗ ಅಜ್ಜಿ ಬಂದು ಹೊಸ್ತಿಲಲ್ಲೇ ಕೂತಳು.

"ತಪ್ಪು ನನ್ನದು," ಎಂದಳು ಅಜ್ಜಿ. "ಅವ ಹೇಳ್ತೇನೆ ಅಂತಲೇ ಇದ್ದ. ಹೇಳಿದ್ರೆ ಹೆಣ್ಣು ಕೊಡುದಿಲ್ಲ ಅಂತ ನಾನೇ ಬಾಯಿ ಮುಚ್ಚಿಸಿದ್ದು."

ಅಮ್ಮ ತುರಿಯುವುದನ್ನು ನಿಲ್ಲಿಸಲಿಲ್ಲ.

"ಹೇಳಿದ್ರೂ ನಾನು ಒಪ್ತಿದ್ದೆ ಅತ್ತೆ. ಆದ್ರೆ ಈಗ ನಾನು ಹಾಗೆ ಹೇಳಿದ್ರೆ ಅದಕ್ಕೆ ಎಂತ ಬೆಲೆ? ಒಪ್ಪುವ ಅವಕಾಶವನ್ನೇ ನೀವು ನನಗೆ ಕೊಡ್ಲಿಲ್ಲ."

ಅಮ್ಮ ತುರಿದ ಕಾಯಿಯನ್ನು ಒಂದು ಕಡೆ ಮಾಡಿ, ಒಲೆಗೆ ನೀರಿಟ್ಟು, ಅಜ್ಜಿಗೆ ಚಹಾ ಮಾಡಿ ಕೊಟ್ಟಳು. ಅಮ್ಮನ ಆ ಮಾತು ನನ್ನೊಳಗೆ ಎಷ್ಟು ಆಳಕ್ಕೆ ಇಳಿಯಿತೆಂದರೆ, ಮುಂದೆ ನನ್ನನ್ನು ನೋಡಲು ಬಂದ ಹುಡುಗರಿಗೆಲ್ಲ ನನಗೆ ಉಬ್ಬಸ ಇದೆ ಎಂದು ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಹೇಳಿಬಿಡುತ್ತಿದ್ದೆ. ಒಬ್ಬರು ಉಪ್ಪಿಟ್ಟು ಅರ್ಧಕ್ಕೇ ಬಿಟ್ಟು ಎದ್ದರು. ಮೂರನೆಯವರು, ಈಗ ನನ್ನ ಗಂಡ, ಇನ್‌ಹೇಲರ್ ಯಾವುದು ಬಳಸುತ್ತೀರಿ ಎಂದು ಕೇಳಿದರು.

ಹತ್ತೋ ಹನ್ನೊಂದೋ ದಿನ ಕಳೆದ ಮೇಲೆ ಅಮ್ಮ ನೇರವಾಗಿ ಅಪ್ಪನ ಹತ್ತಿರವೇ ಮಾತಾಡಿದಳು. ಅವನು ಶೂಸಿನ ಲೇಸು ಕಟ್ಟುತ್ತಿದ್ದ.

"ನಾಳೆಯಿಂದ ಸಾವಂತರ ಕ್ಲಾಸಿಗೆ ನಾನು ಹೋಗ್ತೇನೆ."

ಅಪ್ಪ ತಲೆಯೆತ್ತಿ ನೋಡಿದ. "ನೀನಾ?"

"ಕಾರು ಉಂಟಲ್ಲ ಮನೆಯಲ್ಲಿ. ಯಾರಾದ್ರೂ ಒಬ್ರು ಓಡಿಸ್ಬೇಕು."

ಅಮ್ಮ ಅಲ್ಲಿಯ ತನಕ ಸೀರೆ ಬಿಟ್ಟು ಬೇರೇನೂ ಉಟ್ಟವಳಲ್ಲ. ಸೀರೆಯ ನೆರಿಗೆ ಕ್ಲಚ್ಚಿಗೆ ಸಿಕ್ಕಿಕೊಳ್ಳುತ್ತದೆ ಎಂದು ಸಾವಂತರು ಮೊದಲ ದಿನವೇ ಹೇಳಿದರು. ಅಮ್ಮ ಡೊಂಬಿವಲಿ ಸ್ಟೇಷನ್ನಿನ ಹತ್ತಿರದಿಂದ ಒಂದು ನೀಲಿ ಸಲ್ವಾರ್ ಕಮೀಜ್ ತಂದಳು. ಉದ್ದ ಜಾಸ್ತಿಯಾಗಿತ್ತು. ಅಜ್ಜಿ ಏನು ಹೇಳುತ್ತಾಳೋ ಎಂದು ನಾನು ಕಾಯುತ್ತಿದ್ದೆ. ಅಜ್ಜಿ ಕನ್ನಡಕ ಹಾಕಿಕೊಂಡು, ಸೂಜಿಗೆ ದಾರ ಪೋಣಿಸಿ ಕೊಡು ಎಂದು ನನಗೆ ಹೇಳಿ, ಸಲ್ವಾರಿನ ಅಂಚನ್ನು ಎರಡು ಇಂಚು ಮಡಚಿ ಹೊಲಿದುಕೊಟ್ಟಳು. ಅತ್ತೆ ಸೊಸೆಯರ ನಡುವೆ ರಾಜಿ ಎನ್ನುವುದು ಆದದ್ದಿದ್ದರೆ ಅದು ಹಾಗೆ ಆಯಿತು.

ರಜೆಯಿದ್ದುದರಿಂದ ಅಮ್ಮ ನನ್ನನ್ನೂ ಕ್ಲಾಸಿಗೆ ಕರೆದೊಯ್ಯುತ್ತಿದ್ದಳು. ಸಾವಂತರು, "ಘಾಬರೂ ನಕಾ ವಹಿನಿ, ಹಳೂಹಳೂ," ಎನ್ನುತ್ತ, ಹೆದರಬೇಡಿ ಅತ್ತಿಗೆ, ನಿಧಾನ ನಿಧಾನ ಎಂದು ಕಲಿಸಿದರು. ಅಮ್ಮ ಹೆದರಲೂ ಇಲ್ಲ, ನಿಧಾನವೂ ಮಾಡಲಿಲ್ಲ. ರುಬ್ಬುವ ಕಲ್ಲು, ಹೊಲಿಗೆ ಯಂತ್ರ, ಪಂಪ್ ಸ್ಟವ್ ಇವುಗಳ ಜೊತೆ ಬದುಕಿದವಳಿಗೆ ಕೈ ಒಂದು ಕೆಲಸ, ಕಾಲು ಇನ್ನೊಂದು ಕೆಲಸ ಮಾಡುವುದು ಹೊಸದಾಗಿರಲಿಲ್ಲ. ಕಾರ್ಖಾನೆಗಳ ನಡುವಿನ ರಸ್ತೆಯಲ್ಲಿ ಟ್ಯಾಂಕರುಗಳ ಸಾಲಿನ ಹಿಂದೆ ಅವಳು ಹೋಗುವಾಗ ಅವಳ ಮುಖದಲ್ಲಿ ನಾನು ಅದುವರೆಗೆ ನೋಡಿರದ ಒಂದು ಗಾಂಭೀರ್ಯ ಬಂದಿರುತ್ತಿತ್ತು. ಕಲ್ಯಾಣದ ಟೆಸ್ಟಿನಲ್ಲಿ ಒಂದೇ ಸಲಕ್ಕೆ ಪಾಸಾದಳು. ಲೈಸೆನ್ಸು ಬಂದ ದಿನ ಅಪ್ಪ ಅದನ್ನು ಬಲಗಣ್ಣಿನ ಹತ್ತಿರ ಹಿಡಿದು ಓದಿ, ಫೋಟೊ ಚೆನ್ನಾಗಿ ಬಂದಿದೆ, ಎಂದ. ಅಷ್ಟೇ ಹೇಳಿದ. ಆದರೆ ಸಂಜೆ ಬರುವಾಗ ಅಬೋಲಿ ಹೂವು ತಂದಿದ್ದ. ಅಮ್ಮ ಅದನ್ನು ದೇವರಿಗೆ ಇಟ್ಟಳು, ತಾನು ಮುಡಿಯಲಿಲ್ಲ.

ಅಲ್ಲಿಂದ ಅಮ್ಮ ಓಡಿಸಿದಳು, ಅಪ್ಪ ಪಕ್ಕದಲ್ಲಿ ಕೂತ. ಡ್ಯಾಶ್‌ಬೋರ್ಡನ್ನು ಎರಡೂ ಕೈಯಿಂದ ಹಿಡಿದು, ಇಲ್ಲದ ಬ್ರೇಕನ್ನು ಒತ್ತುತ್ತ ಕೂತಿರುತ್ತಿದ್ದ. ಎಡಬದಿ ಅವನಿಗೆ ಕಾಣದಿದ್ದುದರಿಂದ ಆ ಕೆಲಸ ನನಗೆ ಬಂತು. ಹಿಂದಿನ ಎಡಕಿಟಕಿಗೆ ಮುಖವಿಟ್ಟು, ರಿಕ್ಷಾ ಬಂತು, ಸೈಕಲ್ ಉಂಟು, ಈಗ ಹೋಗು ಎಂದು ಹೇಳುವುದು. ಬಿಲ್ಡಿಂಗಿನ ಹೆಂಗಸರು, ಕಾರ್ಖಾನೆಯ ಸಹೋದ್ಯೋಗಿಗಳು, ಯಾರು ಕೇಳಿದರೂ ಅಮ್ಮನದು ಒಂದೇ ಉತ್ತರ: ಇವರಿಗೆ ಟ್ರಾಫಿಕ್ ಅಂದರೆ ತಲೆನೋವು. ಆ ಉತ್ತರವನ್ನು ಅಮ್ಮ ಎಷ್ಟು ಸಹಜವಾಗಿ ಹೇಳುತ್ತಿದ್ದಳೆಂದರೆ ಯಾರೂ ಎರಡನೆಯ ಪ್ರಶ್ನೆ ಕೇಳುತ್ತಿರಲಿಲ್ಲ. ಪಕ್ಕದಲ್ಲಿ ನಿಂತ ಅಪ್ಪ ಪ್ರತಿ ಸಲವೂ ನೆಲ ನೋಡುತ್ತಿದ್ದ.

ಮಳೆಗಾಲ ಮುಗಿದ ಮೇಲೆ ಶೀನಣ್ಣನ ಹೊಸ ಫ್ಲ್ಯಾಟಿನ ಗೃಹಪ್ರವೇಶ ಬಂತು, ಠಾಣೆಯಲ್ಲಿ, ಮಾಜಿವಾಡಾದ ಹತ್ತಿರ. ಅಮ್ಮ ಅಷ್ಟು ದೂರ ಅದುವರೆಗೆ ಓಡಿಸಿರಲಿಲ್ಲ. ಅಜ್ಜಿ, ನಾನು ಬರುವುದಿಲ್ಲ, ಇಲ್ಲೇ ಕೂತು ನಿಮಗಾಗಿ ಜಪ ಮಾಡುತ್ತೇನೆ, ಎಂದಳು. ಕಲ್ಯಾಣ ದಾಟಿ ಭಿವಂಡಿ ಬೈಪಾಸ್ ಹಿಡಿದರೆ ಮುಂದೆ ಲಾರಿ, ಹಿಂದೆ ಲಾರಿ. ಮಾಜಿವಾಡಾದ ಸಿಗ್ನಲ್ಲಿನಲ್ಲಿ ಕಾರು ಆಫ್ ಆಗಿ, ಹಿಂದಿನವರೆಲ್ಲ ಹಾರ್ನ್ ಬಾರಿಸತೊಡಗಿದರು. ಅಮ್ಮ ಎರಡು ಸಲ ಕೀಲಿ ತಿರುಗಿಸಿದರೂ ಕಾರು ಹೊರಡಲಿಲ್ಲ. ಅಪ್ಪ ಡ್ಯಾಶ್‌ಬೋರ್ಡ್ ಬಿಟ್ಟು, ನಿಧಾನ ಮಾಡು, ಕಾಯ್ತಾರೆ ಅವರು, ಎಂದ. ಅಮ್ಮ ಮತ್ತೆ ಸ್ಟಾರ್ಟ್ ಮಾಡಿದಳು.

ಶೀನಣ್ಣನ ಬಿಲ್ಡಿಂಗಿನ ಗೇಟಿನ ಹತ್ತಿರ ಊರಿನ ಕಡೆಯ ಏಳೆಂಟು ಗಂಡಸರು ಪಂಚೆ ಉಟ್ಟು ನಿಂತಿದ್ದರು, ಹೆಚ್ಚಿನವರು ಹೋಟೆಲಿನವರು. ಅಮ್ಮ ಸ್ಟಿಯರಿಂಗಿನ ಕಡೆಯಿಂದ ಇಳಿದದ್ದನ್ನು ನೋಡಿ ಶೀನಣ್ಣ ಜೋರಾಗಿ ನಕ್ಕರು. ಒಳ್ಳೆಯ ಮನಸ್ಸಿನಿಂದಲೇ ನಕ್ಕದ್ದು.

"ಇದೆಂತ ಮಾರಾಯ, ಕಾರು ಕೊಟ್ಟದ್ದು ನಿನಗೆ, ಓಡಿಸುದು ಸುಮತಿಯಕ್ಕನಾ? ನೀನು ಎಂತ, ಹಾರ್ನ್ ಹೊಡಿಲಿಕ್ಕೆ ಕೂತದ್ದಾ?"

ಎಲ್ಲರೂ ನಕ್ಕರು. ಅಮ್ಮ ಎಂದಿನ ಉತ್ತರವನ್ನು ಶುರುಮಾಡಿದಳು. "ಇವರಿಗೆ ಟ್ರಾಫಿಕ್ ಅಂದ್ರೆ..."

"ತಲೆನೋವು ಅಲ್ಲ ಶೀನಣ್ಣ," ಎಂದ ಅಪ್ಪ. "ನನಗೆ ಎಡಗಣ್ಣು ಕಾಣುದಿಲ್ಲ. ಸಣ್ಣದಿರುವಾಗಿನಿಂದಲೂ. ನಾನು ಓಡಿಸಿದ್ರೆ ಯಾರನ್ನಾದ್ರೂ ಕೊಲ್ತೇನೆ. ಅದಕ್ಕೇ ಅವಳು ಕಲಿತದ್ದು."

ನಗು ನಿಂತಿತು. ಅಮ್ಮ ಅಪ್ಪನನ್ನೇ ನೋಡುತ್ತಿದ್ದಳು. ನಾನು ಅವಳ ಕಮೀಜಿನ ಅಂಚು ಹಿಡಿದುಕೊಂಡಿದ್ದೆ.

"ಇಷ್ಟು ವರ್ಷ ಒಟ್ಟಿಗೆ ಇದ್ದೇವೆ," ಎಂದರು ಶೀನಣ್ಣ. "ಮೊದಲೇ ಹೇಳ್ಬಾರ್ದಿತ್ತಾ?"

"ಹೇಳ್ಲಿಕ್ಕೆ ಬರ್ಲಿಲ್ಲ."

ಶೀನಣ್ಣ ಮತ್ತೇನೂ ಕೇಳದೆ ಅಪ್ಪನ ಹೆಗಲ ಮೇಲೆ ಕೈಹಾಕಿ, ಬನ್ನಿ ಬನ್ನಿ, ಎಲೆ ಹಾಕಿಯಾಗಿದೆ, ಎಂದು ಕರೆದುಕೊಂಡು ಹೋದರು. ಅಪ್ಪ ಹೆದರಿದ್ದ ಯಾವುದೂ ನಡೆಯಲಿಲ್ಲ. ಆಕಾಶ ಬೀಳಲಿಲ್ಲ, ಯಾರೂ ಅವನನ್ನು ಕಡಿಮೆ ಮಾಡಿ ನೋಡಲಿಲ್ಲ. ಪಂಕ್ತಿಯಲ್ಲಿ ಹೋಳಿಗೆ ಬಡಿಸಲು ಬಂದವರು ಎಡದಿಂದ ಬಂದಾಗ ಪಕ್ಕದವರು, ಅವರ ಬಲಕ್ಕೆ ಬನ್ನಿ, ಎಂದರು. ಅಷ್ಟೇ ಆದ ವ್ಯತ್ಯಾಸ. ಇಷ್ಟು ಸಣ್ಣ ವ್ಯತ್ಯಾಸಕ್ಕಾಗಿ ಆ ಮನುಷ್ಯ ಮೂವತ್ತು ವರ್ಷ ಏನನ್ನೆಲ್ಲ ಹೊತ್ತುಕೊಂಡಿದ್ದ ಎಂದು ಈಗ ಯೋಚಿಸಿದರೆ ಎದೆ ಭಾರವಾಗುತ್ತದೆ.

ಹಿಂದಿರುಗುವಾಗ ಬೈಪಾಸಿನಲ್ಲಿ ಅಮ್ಮ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದಳು.

"ಸುಳ್ಳು ಹೇಳುವ ಒಂದು ಕೆಲಸ ನನಗೆ ತಪ್ಪಿತು."

ಅವಳು ಅಪ್ಪನನ್ನು ಯಾವಾಗ ಕ್ಷಮಿಸಿದಳು, ಪೂರ್ತಿ ಕ್ಷಮಿಸಿದಳೋ ಇಲ್ಲವೋ, ನನಗೆ ಗೊತ್ತಿಲ್ಲ. ಹಾಗೆ ಒಂದು ದಿನ ಅಂತ ಇರಲಿಕ್ಕಿಲ್ಲ. ಆ ವಾರದಿಂದ ಸಾರು ಬೇಕೇ ಎಂದು ಅವನನ್ನೇ ಕೇಳತೊಡಗಿದಳು ಎನ್ನುವುದು ಮಾತ್ರ ನನಗೆ ನೆನಪಿದೆ.

ನನಗೆ ಹದಿನೆಂಟು ತುಂಬಿದಾಗ ಅದೇ ಕಾರಿನಲ್ಲಿ ಅಮ್ಮ ನನಗೆ ಕಲಿಸಿದಳು. ಡೊಂಬಿವಲಿಯಲ್ಲಿ ಅಷ್ಟು ಹೊತ್ತಿಗೆ ಕಲಿಯುವವರಿಗೆ ಜಾಗವಿರಲಿಲ್ಲ. ಭಾನುವಾರ ಬೆಳಿಗ್ಗೆ ನವಿ ಮುಂಬಯಿಯ ಖಾರ್ಘರಿಗೆ ಹೋಗುತ್ತಿದ್ದೆವು. ಅಲ್ಲಿ ಅಗಲವಾದ ರಸ್ತೆಗಳು ಮೊದಲೇ ಬಂದಿದ್ದವು, ಮನೆಗಳು ಇನ್ನೂ ಬಂದಿರಲಿಲ್ಲ. ದೀಪದ ಕಂಬಗಳಿದ್ದವು, ದೀಪಗಳಿರಲಿಲ್ಲ. ಎರಡೂ ಬದಿಗೆ ಹುಲ್ಲು, ಆಚೆಗೆ ಗುಡ್ಡ. ಎಡಕ್ಕೆ ನೋಡುವುದೇ ನನಗೆ ರೂಢಿಯಾಗಿದ್ದುದರಿಂದ ಬಲಕ್ಕೆ ಗಮನವಿಲ್ಲ ಎಂದು ಅಮ್ಮ ಬೈಯುತ್ತಿದ್ದಳು. ಅಪ್ಪ ಹಿಂದೆ ಕೂತು, ಗೇರ್ ಬದಲಿಸು, ಇಂಜಿನ್ ಕೇಳ್ತಾ ಉಂಟು, ಎನ್ನುತ್ತಿದ್ದ. ಅವನ ಕಿವಿ ಎಂದೂ ತಪ್ಪುತ್ತಿರಲಿಲ್ಲ.

ಒಂದು ಭಾನುವಾರ ನನ್ನ ಪಾಠ ಮುಗಿದ ಮೇಲೆ ಅಮ್ಮ ಇಳಿದು ಹಿಂದಿನ ಬಾಗಿಲು ತೆರೆದಳು.

"ನೀವು ಒಮ್ಮೆ ಕಾರು ಬಿಡಿ," ಎಂದಳು ಅಪ್ಪನಿಗೆ.

"ಬೇಡ. ಹುಚ್ಚಾ ನಿನಗೆ?"

"ಒಂದು ನಾಯಿಯೂ ಇಲ್ಲ ಈ ರಸ್ತೆಯಲ್ಲಿ. ನಾನು ಪಕ್ಕದಲ್ಲಿ ಇರ್ತೇನೆ."

ಅಪ್ಪ ನನ್ನನ್ನು ನೋಡಿದ. ನಾನು ಸ್ಟಿಯರಿಂಗ್ ಬಿಟ್ಟು ಇಳಿದೆ. ಅವನು ಬಂದು ಕೂತು, ಸೀಟನ್ನು ಹಿಂದೆ ಸರಿಸಿ, ಕನ್ನಡಿಯನ್ನು ಸರಿಮಾಡಿ, ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಕಾರು ಒಮ್ಮೆ ಜಿಗಿದು ಮುಂದಕ್ಕೆ ಹೊರಟಿತು. ಅಮ್ಮ ಎಡಕ್ಕೆ ತಿರುಗಿ ಕೂತು ರಸ್ತೆಯ ಅಂಚನ್ನು ನೋಡುತ್ತಿದ್ದಳು. ಎರಡನೆಯ ಗೇರು, ಮೂರನೆಯ ಗೇರು. ತೆರೆದ ಕಿಟಕಿಯಿಂದ ಗಾಳಿ ಬಂದು ಅಪ್ಪನ ಬೆಳ್ಳಗಾದ ಕೂದಲನ್ನು ಎಬ್ಬಿಸಿತು. ಡಾಂಬರು ಮುಗಿದು ಮಣ್ಣು ಶುರುವಾಗುವ ಜಾಗದವರೆಗೆ ಅವನು ಓಡಿಸಿದ. ಅಲ್ಲಿ ಸ್ವಲ್ಪ ಸೊಟ್ಟಗೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕೀಲಿ ತೆಗೆದ.

"ಸಾಕು," ಎಂದ. "ಇನ್ನು ಆಸೆ ಇಲ್ಲ."

ಇಳಿದು ಕಾರಿನ ಸುತ್ತ ಒಂದು ಸಲ ನಡೆದು, ಕೀಲಿಯನ್ನು ಅಮ್ಮನ ಕೈಗೆ ಕೊಟ್ಟ. ವಾಪಸು ಬರುವಾಗ ಅಮ್ಮ ಓಡಿಸಿದಳು. ತಳೋಜಾ ಬರುವ ಮೊದಲೇ ಅಪ್ಪನ ತಲೆ ಸೀಟಿಗೆ ಒರಗಿ, ಬಾಯಿ ಸ್ವಲ್ಪ ತೆರೆದು, ಕೈಗಳು ಮಡಿಲಲ್ಲಿ ಸಡಿಲವಾದವು. ಅಮ್ಮನ ಪಕ್ಕದಲ್ಲಿ ಕೂತು ಅವನು ನಿದ್ದೆಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಶೀಲ್‌ಫಾಟಾದ ಕೂಡುರಸ್ತೆಯಲ್ಲಿ ಎಂದಿನ ಹಾಗೆ ಲಾರಿಗಳು ಅಡ್ಡಾದಿಡ್ಡಿ ನಿಂತಿದ್ದವು. ಅಮ್ಮ ಒಂದು ಸಲವೂ ಹಾರ್ನ್ ಒತ್ತದೆ, ಅವುಗಳ ನಡುವಿನಿಂದ ಕಾರನ್ನು ಮೆಲ್ಲಗೆ ಹೊರಗೆ ತಂದಳು.